ತಾ ಅಂದ್ರ

ಇಪ್ಪತ್ತೆಂಟು ವರ್ಷ ಖಾಕಿ ಹಾಕ್ಕೊಂಡು
ನಾಯಿಗೆ ನಾ ಕಲಿಸಿದ್ದು ಒಂದ ವಿದ್ಯಾ:
ಹಿಡಿ. ಹಿಡದದ್ದು ಬಿಡಬ್ಯಾಡ.
ಕಳ್ಳನ ಚಪ್ಪಲಿ ಮೂಸಿ ಕೇಶ್ವಾಪುರದ ಗಲ್ಲಿ ಗಲ್ಲಿ
ನನ್ನ ಎಳಕೊಂಡು ಓಡಿದ ನಾಯಿಗಳ ಪೈಕಿ
ಒಂದಕ್ಕೂ ಹೇಳಿಕೊಟ್ಟಿರಲಿಲ್ಲ,
ಹಿಡದದ್ದನ್ನ ಮೆಲ್ಲಕ ಒಬ್ಬರ ತೊಡಿ ಮ್ಯಾಲ ಇಡೂದು.

ಈಗ ರಿಟೈರಾಗಿ, ಗೋಪನಕೊಪ್ಪದಾಗ
ಮುಚ್ಚಿದ ಹಿಟ್ಟಿನ ಗಿರಣಿಯೊಳಗ
ಚಮಚ ಬೀಳಸ್ತೀನಿ, ಕೀಲಿಕೈ ಬೀಳಸ್ತೀನಿ,
ಔಷಧದ ಚೀಟಿ, ಒಂದು ರೂಪಾಯಿ.
ರೂಪಾಯಿ ಬಾಳ ಕಷ್ಟ. ಫರಸಿಗೆ ಅಂಟಿ ಕೂಡತೈತಿ,
ನಾಲಿಗಿಲೆ ನೆಕ್ಕಿ ನೆಕ್ಕಿ
ಅಂಚು ಎಬ್ಬಿಸಬೇಕು.

ಜೀರಗಿ ಬಣ್ಣದ್ದು, ಅದಕ್ಕ ಹೆಸರೂ ಜೀರಗಿ.
ಹಳೇ ಬಸ್ ಸ್ಟ್ಯಾಂಡಿನ ಹಿಂದ ಹುಟ್ಟಿ
ಮಿರ್ಚಿ ಕರಿಯೋ ಎಣ್ಣಿ ವಾಸನಿ ಕುಡಕೋತ ಬೆಳದದ್ದು.
ಜಾತಿ ನಾಯಿ ತರ್ರಿ ಸಾಹೇಬ್ರ, ಅಂದ್ರು ಮಂದಿ.
ಬಿದ್ದದ್ದು ಎತ್ತಾಕ ಯಾ ಜಾತಿ, ಅಂದೆ.

ಎಂಟು ತಿಂಗಳು. ಒಂದು ಚೀಲ ಕಟಕರೊಟ್ಟಿ.
ತಾ ಅಂದ್ರ ತರತೈತಿ, ತಡಿ ಅಂದ್ರ ತಡೀತೈತಿ,
ಹಗ್ಗ ಜಗ್ಗಿ ಬಾಗಲಾ ತಗೀತೈತಿ.
ಬೆಕ್ಕು ಕಂಡಾಗ ಮಾತ್ರ
ಕಲಿತದ್ದೆಲ್ಲಾ ಒಂದು ಗಳಿಗಿ ಕಿವಿಯಿಂದ ಸೋರತೈತಿ.
ಇರಲಿ. ನನಗೂ ಹಂಗ, ಗಿರ್ಮಿಟ್ ಕಂಡಾಗ.

ಚಿಗರಿ ಬಸ್ಸಿನ ಗೇಟಿನಾಗ ಕಾವಲುಗಾರ ತಡದ:
ನಾಯಿ ಬಿಡೂದಿಲ್ರಿ.
ಯಾ ಕಾನೂನು, ಅಂದೆ. ತಲಿ ಕೆರಕೊಂಡ.
ಖರೆ ಹೇಳಬೇಕಂದ್ರ ನನಗೂ ಗೊತ್ತಿರಲಿಲ್ಲ.
ಎರಡು ಬಸ್ಸು ಹೋದ ಮ್ಯಾಲ
ಆಂವ ನವಲೂರ ಕಡೆ ಮಾರಿ ಮಾಡಿ ನಿಂತ,
ನಾವು ಏರಿದಿವಿ.

ಧಾರವಾಡ ಕೋರ್ಟ್ ಸರ್ಕಲ್ಲಿನಾಗ ಫಕ್ಕೀರವ್ವನ ಝೆರಾಕ್ಸ್ ಅಂಗಡಿ.
ಹುಟ್ಟಾ ಕೈಕಾಲು ಬಿಗಿ, ನಾಲಿಗಿನೂ ಬಿಗಿ.
ಆಕಿ ಬಾಯಿಂದ ಅಕ್ಷರ
ಎರಿ ಹೊಲದ ಕೆಸರಾಗ ಸಿಕ್ಕ ಗಾಲಿ ಬಂದಂಗ ಬರತಾವು.
ಗಿರಾಕಿ ಅರ್ಧ ಕೇಳಿ, ಉಳಿದರ್ಧ ತಾವ ಮುಗಸಿ
ರೊಕ್ಕ ಇಟ್ಟು ಹೋಗ್ತಾರ.
ಆಕಿ ಹೇಳೂದು ಬ್ಯಾರೇನೋ ಇರತೈತಿ.

ಮೊದಲನೇ ದಿನ ಪೆನ್ನು ಬಿತ್ತು.
ಆ... ಅಂದ್ಲು. ತಕಾರ ಎಲ್ಲೋ ಹಿಂದ ಉಳೀತು.
ಜೀರಗಿ ಆಕಿನ್ನ ನೋಡ್ತು, ನನ್ನ ನೋಡ್ತು.
ತಾ, ಅಂದೆ ನಾ. ತಂತು.
ಮತ್ತ ಆಕಿ ಆ... ಮತ್ತ ನಾ ತಾ.
ಹಿಂಗ ಹದಿನೈದು ಸಲ.
ನಡುವ ನಿಲ್ಲೂ ಕೆಲಸ ನನಗ ರುಚಿ ಹತ್ತಿತ್ತು.

ಆಕಿ ಗಾಲಿಕುರ್ಚಿ ತಿರುವಿದ್ಲು,
ಬೆರಳಿನ ಗೆಣ್ಣಿಲೆ ಒಂದೊಂದ ಕೀಲಿ ಒತ್ತಿದ್ಲು,
ಮಶೀನಿನಿಂದ ಬಿಸಿ ಬಿಸಿ ಹಾಳಿ ಬಂತು, ದಪ್ಪ ಅಕ್ಷರದಾಗ:
ಸರ್, ನೀವು ಹೊರಗ ನಿಲ್ರಿ.

ನಿಂತೆ.

ಒಳಗ ಸ್ಟೇಪ್ಲರ್ ಬಿತ್ತು. ಆ...
ಗಾಜಿನ ಬಾಗಲದಿಂದ ಜೀರಗಿ ನನ್ನ ಹುಡಕ್ತು.
ಗ್ವಾಡಿಗೆ ಬೆನ್ನು ಕೊಟ್ಟು
ನಾಲಿಗಿ ಹಲ್ಲಾಗ ಹಿಡದೆ.
ಹಿಡಿ. ಹಿಡದದ್ದು ಬಿಡಬ್ಯಾಡ.
ಆ...
ಒಂದು ಬಸ್ಸು ಹೋತು. ಇನ್ನೊಂದೂ ಹೋತು.
ವಕೀಲರೊಬ್ಬರು ನನ್ನ ನೋಡಿ, ಆರಾಮಿಲ್ಲೇನ್ರಿ, ಅಂದ್ರು.
ಆಮ್ಯಾಲ ಫರಸಿ ಮ್ಯಾಲ
ಉಗುರಿನ ಸಪ್ಪಳ.

ಹೋದ ವಾರ ಪಿಂಚಣಿ ಕಾಗದದ ಝೆರಾಕ್ಸಿಗೆ ಹೋಗಿದ್ದೆ.
ಕಿಸೆದಿಂದ ಚಾಳೀಸಿನ ಡಬ್ಬಿ ಬಿತ್ತು.
ರೂಢಿ ನೋಡ್ರಿ, ತಾ ಅಂದುಬಿಟ್ಟೆ.
ಜೀರಗಿ ಒಂದು ಕಣ್ಣು ತಗದು ಮುಚ್ಚಿತು.
ಫಕ್ಕೀರವ್ವ ಮೈಯೆಲ್ಲಾ ನಕ್ಕಳು.
ಆ... ಅಂದ್ಲು.
ಎದ್ದು ಬಂತು, ಎತ್ತಿಕೊಂಡು
ಆಕಿ ತೊಡಿ ಮ್ಯಾಲ ಮೆಲ್ಲಕ ಇಡ್ತು.

ನನ್ನ ಡಬ್ಬಿ ನಾ ಕೈ ಚಾಚಿ ಇಸಗೊಂಡೆ.
ಝೆರಾಕ್ಸಿಗೆ ಆರು ರೂಪಾಯಿ.
ಒಂದು ಪೈಸಾ ಬಿಡಲಿಲ್ಲ.