ಬಾಲ ಎಡಕ್ಕೆ

ಹತ್ತು ಸಾವಿರ ಪೌಂಡು ದಾಟಿದರೆ ಬೇರೆಯೇ ಲೈಸೆನ್ಸು ಬೇಕು,
ಎಂದಳು ಬೇಕರ್ಸ್‌ಫೀಲ್ಡಿನ ಕೌಂಟರಿನವಳು, ತಲೆ ಎತ್ತದೆ.
ಟ್ರೇಲರು ಆಗಲೇ ಅಂಗಳದಲ್ಲಿ ನಿಂತಿತ್ತು:
ಒಲೆ, ಹಾಸಿಗೆ, ಕಿಟಕಿಗೆ ಆರ್ಡಿತ್ ಹೊಲಿದ ಪರದೆ.

ಲೈಲ್ ನಲವತ್ತು ವರ್ಷ ಗಾಡಿ ಓಡಿಸಿದವನು.
ಪರೀಕ್ಷೆಯ ದಿನ, ರಿವರ್ಸಿನಲ್ಲಿ,
ಬಾಲ ಎಡಕ್ಕೆ ಬೇಕೆಂದು ಸ್ಟೀರಿಂಗನ್ನೂ ಎಡಕ್ಕೇ ತಿರುಗಿಸಿದ;
ಕಿತ್ತಳೆ ಕೋನೊಂದು ಚಕ್ರದಡಿ ಅಪ್ಪಚ್ಚಿ.

ಬಲಕ್ಕೆ ಕಣೋ, ಎಂದಳು ಆರ್ಡಿತ್. ನಾನೊಮ್ಮೆ ಕೂರಲೇ?
ಹನ್ನೊಂದರ ವಯಸ್ಸಿಗೇ ಅಪ್ಪನ ಹತ್ತಿ ಟ್ರೇಲರನ್ನು
ಜಿನ್ನಿಂಗ್ ಮಿಲ್ಲಿನ ಬಾಗಿಲಿಗೆ ಒಡ್ಡುತ್ತಿದ್ದವಳು.
ಯಾರೂ ಕೇಳಿರಲಿಲ್ಲ.

ಬರೆಯುವ ಪರೀಕ್ಷೆ, ಕಣ್ಣಿನ ಪರೀಕ್ಷೆ, ಹೊಸ ಕೋನು.

ಈಗ ಲೈಲ್ ಹಿಂದೆ ನಿಂತು ಕೈ ಬೀಸುತ್ತಾನೆ,
ಬಾ, ಬಾ, ಇನ್ನೂ ಬಾ,
ಅವಳ ಕನ್ನಡಿಯಲ್ಲಿ
ಇಂಚಿಂಚೇ ದೊಡ್ಡವನಾಗುತ್ತ.