ಲೈನಿನಲ್ಲಿ ಯಾರೋ

ಕೊನೆಯ ಲೋಕಲ್ಲು ಕಾಂಜೂರ್ ದಾಟಿದ ಮೇಲೆ
ಗೋಡೆಯ ಮೊಳೆಗೆ ತೂಗುಹಾಕಿದ ಇಕ್ಕಳ
ಅಲುಗುವುದನ್ನು ನಿಲ್ಲಿಸುತ್ತದೆ.
ಅಲ್ಲಿಂದ ಬೆಳಗಿನ ಜಾವದ ಮೊದಲ ಗಾಡಿಯವರೆಗೆ
ನನ್ನ ಪ್ರಯೋಗಶಾಲೆ ತೆರೆದಿರುತ್ತದೆ.
ಫ್ಯಾನು ಆರಿಸಬೇಕು. ಫ್ರಿಜ್ಜಿನ ಪ್ಲಗ್ಗು ಕೀಳಬೇಕು,
ಹಾಲು ಒಡೆದರೆ ಒಡೆಯಲಿ.

ಎದುರು ಮನೆಯ ಇಂದುಮತಿ ತಾಂಬೆ
ಮೂವತ್ತೊಂದು ವರ್ಷ ಟ್ರಂಕ್ ಕಾಲ್ ಜೋಡಿಸಿದವರು.
ರಾತ್ರಿಪಾಳಿ ಮುಗಿದರೂ ನಿದ್ದೆ ಹಿಂದಿರುಗಿಲ್ಲ.
ಕಣ್ಣು ಮಸುಕು; ಕಿವಿ ಮಾತ್ರ
ನನ್ನ ಮೀಟರಿಗಿಂತ ಒಂದು ಸೊನ್ನೆ ಮುಂದೆ.
ಮೊಮ್ಮಗಳು ಕೊಟ್ಟ ಇಯರ್‌ಫೋನು, ಹದಿನಾರೇ ಓಮ್,
ಮುಟ್ಟಿದರೆ ಮುನಿಯ ಜಾತಿ:
ಇರುವೆ ಕೆಮ್ಮಿದರೂ ದೂರು ಹೇಳುತ್ತದೆ.

ಮೊದಲ ಆಂಪ್ಲಿಫೈಯರು ಕಟ್ಟಿ ಕೊಟ್ಟೆ.
ಹಾಡು ಇನ್ನೂ ಹಾಕಿರಲಿಲ್ಲ.
ತಲೆ ವಾಲಿಸಿ ಕೇಳಿ ಅವರೆಂದರು:
"ಲೈನಿನಲ್ಲಿ ಯಾರೋ ಇದ್ದಾರೆ.
ಮಾತಾಡುತ್ತಿಲ್ಲ."

ಯಾರೂ ಇಲ್ಲ ಮಾವಶಿ, ಅದು ರೆಸಿಸ್ಟರಿನೊಳಗೆ
ಎಲೆಕ್ಟ್ರಾನುಗಳು ಕೂತಲ್ಲಿ ಕೂರಲಾರದೆ ಮಾಡುವ ಗುಸುಗುಸು.
ಚಳಿಗಾಲವೇ ಇಲ್ಲದ ಊರಲ್ಲಿ
ತಣ್ಣಗಿರಿ ಎಂದರೆ ಇರುತ್ತವೆಯೇ?

ಲ್ಯಾಮಿಂಗ್ಟನ್ ರೋಡಿನ ಕಾನ್ಜಿಭಾಯಿ ನಕ್ಕ:
"ಎಲ್ಲರೂ ದನಿ ಏರಿಸೋಕೆ ಬರ್ತಾರೆ,
ನೀನೊಬ್ಬ ಇಳಿಸೋಕೆ ಬಂದೆಯಲ್ಲ!"
ಹೌದು. ಆರು ಪಟ್ಟು ಹಿಗ್ಗಿಸುತ್ತಿದ್ದುದನ್ನು ಒಂದಕ್ಕಿಳಿಸಿದೆ.
ಬಂದಷ್ಟೇ ಹೋಗಲಿ, ತೋಳಿಗೆ ಬಲವಿರಲಿ,
ಅವರ ಹದಿನಾರರ ಎದುರು
ನನ್ನದು ಅರ್ಧ ಓಮನ್ನೂ ಮೀರದಿರಲಿ.
ದನಿ ಎತ್ತದೆ ಭಾರ ಎತ್ತುವವರಿದ್ದಾರಲ್ಲ
ನಸುಕಿನ ದಾದರಿನಲ್ಲಿ, ಹೂವಿನ ಮೂಟೆಯ ಕೆಳಗೆ,
ಹಾಗೆ.
ಲಕ್ಷದ ರೆಸಿಸ್ಟರು ಕಿತ್ತು ಸಾವಿರದ್ದು ಕೂರಿಸಿದೆ.
ವಾಲ್ಯೂಮಿನ ತಿರುಪು ತುಸು ತಿರುಗಿಸಿದರೆ
ಎಡಗಿವಿಗೆ ಮೊದಲು ಬಡಿಸಿ ಬಲಗಿವಿಯನ್ನು ಕಾಯಿಸುತ್ತಿತ್ತು.
ಪಂಕ್ತಿಭೇದ! ಅದನ್ನೂ ಕಿತ್ತೆಸೆದೆ.
ಗೋಡೆಯ ಕರೆಂಟಿನ ಗುಂಯ್ ಬೇಡವೆಂದು
ಒಂಬತ್ತು ವೋಲ್ಟಿನ ಎರಡು ಬ್ಯಾಟರಿ.
ಹದಿನೇಳು ರಾತ್ರಿ. ಹೆಬ್ಬೆರಳಿಗೆ ಬೊಬ್ಬೆ.
ಮೂರು ರಾತ್ರಿ ಅರ್ಥಿಂಗ್ ತಂತಿಯನ್ನು ಬೈದೆ,
ಕೆಟ್ಟ ಬೆಸುಗೆ ನನ್ನದೇ ಆಗಿತ್ತು.

ನಿನ್ನೆ ಮೂರೂವರೆಗೆ ಅವರ ಕಿವಿಗಿಟ್ಟೆ.
ಸ್ವಿಚ್ಚು ಒತ್ತಿದರೆ ಟಪ್ ಎನ್ನಲೂ ಇಲ್ಲ.
ಮುಖದಲ್ಲಿ ಏನೂ ಕಾಣಲಿಲ್ಲ; ನನಗೆ ಹೆಮ್ಮೆ.
ಆಮೇಲೆ ಅವರ ಬಲಗೈ ಮೆಲ್ಲಗೆ ಎದ್ದು
ಗಾಳಿಯಲ್ಲಿ, ಇಲ್ಲದ ತೂತಿನಿಂದ
ಇಲ್ಲದ ತಂತಿಯೊಂದನ್ನು ಕಿತ್ತು
ಪಕ್ಕದ ತೂತಿಗೆ ಚುಚ್ಚಿತು.
"ಹಲೋ," ಎಂದರು. "ಹಲೋ? ಸೊಲ್ಲಾಪುರ?"

ನಮ್ಮಲ್ಲಿ ಇಷ್ಟು ನಿಶ್ಶಬ್ದವಿದ್ದರೆ, ಎಂದರು ಕೈ ಇಳಿಸಿ,
ಲೈನು ಸತ್ತಿದೆ ಎಂದೇ ಬುಕ್ಕಿನಲ್ಲಿ ಬರೆಯುತ್ತಿದ್ದೆವು.

ಕಿತ್ತ ಲಕ್ಷದ ರೆಸಿಸ್ಟರು ಬಸಿಯಲ್ಲೇ ಇತ್ತು,
ಕಾಲು ಸೊಟ್ಟಗಾಗಿ.
ಸೋಲ್ಡರ್ ಕಡ್ಡಿ ಕಾಯಲಿಟ್ಟು ಕುಳಿತೆ.
ಅದು ಕಾಯುವಷ್ಟರಲ್ಲಿ
ಇಕ್ಕಳ ಅಲುಗತೊಡಗಿತು.