ಕಚ್ಚಾ ಟಾಕು

ಉಸಿರು ಎಳ್ಕೊಬೇಡಿ ನವಲೆಯವರೇ, ಸಡಿಲ ಬಿಡಿ
ಅಂದಳು ಜಸಿಂತಾ ಸಿಸ್ಟರ್.
ಮೂವತ್ತೆಂಟು ವರ್ಷ ಇದೇ ಮಾತನ್ನು
ಗಿರಾಕಿಗಳಿಗೆ ಹೇಳಿಕೊಂಡು ಬಂದವನು ನಾನು.
ಹೊಕ್ಕುಳಿನ ಹತ್ತಿರ ತಣ್ಣಗೆ ತಾಗಿತು
ನನ್ನದೇ ಕಸುಬಿನ ಹಳದಿ ಟೇಪು.

ಮೂವತ್ತಾರು ಬರ್ಕೊಳ್ಳಿ ಅಂದೆ.
ನೂರ ನಾಲ್ಕು ಅಂದಳು.
ಅವಳದು ಸೆಂಟಿಮೀಟರು. ಮನಸ್ಸಲ್ಲೇ ಭಾಗಿಸಿದೆ:
ನಲವತ್ತೊಂದು.
ಐದಿಂಚು ಎಲ್ಲಿ ಅಡಗಿತ್ತೆಂದು ನಾನು ಕೇಳುವ ಹಾಗಿಲ್ಲ.
ಪ್ಯಾಂಟು ಕಟ್ಟುವುದು ಹೊಟ್ಟೆಯ ಕೆಳಗೆ,
ಈಕೆ ಅಳೆಯುವುದು ಹೊಟ್ಟೆಯನ್ನೇ.
ಎಷ್ಟು ಜನ ಸಾಹುಕಾರರ ಮಾನವನ್ನು
ಈ ಒಂದು ಗುಟ್ಟಿನಲ್ಲಿ ಕಾಪಾಡಿದ್ದೇನೆ!

ಕಾಟನ್‌ಪೇಟೆ ಆರೋಗ್ಯ ಕೇಂದ್ರ, ಮೊದಲ ಮಹಡಿ,
ಮಂಗಳವಾರ ಬೆಳಿಗ್ಗೆ ಏಳಕ್ಕೆ, ಹದಿನಾರು ವಾರ.
ಇದು ರೋಗವಲ್ಲ, ರೋಗಕ್ಕೆ ಮುಂಚಿನ ಕೂಟ ಅಂದರು ಡಾಕ್ಟರು.
ಸೊಂಟ, ಬಿ.ಪಿ., ಸಕ್ಕರೆ,
ಹೆಚ್ಚಾದ ಒಂದು ಕೊಬ್ಬು, ಕಮ್ಮಿಯಾದ ಒಂದು ಕೊಬ್ಬು;
ಐದರಲ್ಲಿ ಮೂರು ಸೇರಿದರೆ ಅದಕ್ಕೊಂದು ಹೆಸರಂತೆ.
ನನ್ನದು ನಾಲ್ಕು.
ಶಾಲೆಯಲ್ಲೆಂದೂ ಐದಕ್ಕೆ ಇಷ್ಟು ಬಂದಿರಲಿಲ್ಲ.

ಗೋಡೆಯ ಮೇಲೆ ದಪ್ಪಕ್ಷರ: ಊಟ ಬಲ್ಲವನಿಗೆ ರೋಗವಿಲ್ಲ.
ಬಲ್ಲವರು ಯಾರೂ ಬಂದಿರಲಿಲ್ಲ.
ಬಂದಿದ್ದವರು ದೋಸೆ ಹುಯ್ಯುವ ಶೀನ ಪೂಜಾರಿ,
ಮಾರ್ಕೆಟ್ಟಿನಲ್ಲಿ ಹೂ ಕಟ್ಟುವ ಕುಪ್ಪಮ್ಮ,
ಬಸ್ ಕಂಡಕ್ಟರ್ ಹೊನ್ನೇಗೌಡ,
ಸೊಸೆಗೆ ಹೇಳದೆ ಅಕ್ಕಿಪೇಟೆಯಿಂದ ಬಂದ ಮೆಹರುನ್ನೀಸಾ.

ಸಿಸ್ಟರ್ ಬೋರ್ಡಿನ ಮೇಲೆ ತಟ್ಟೆ ಬರೆದಳು:
ಅರ್ಧ ಸೊಪ್ಪು ತರಕಾರಿ, ಕಾಲು ಭಾಗ ಕಾಳು,
ಉಳಿದ ಕಾಲಲ್ಲಿ ಮುದ್ದೆಯೋ ಅನ್ನವೋ.
ನಂದು ತಟ್ಟೆಯಲ್ಲ ತಾಯಿ, ಅಂದಳು ಕುಪ್ಪಮ್ಮ,
ಬಾಳೆಲೆ ಚೂರು, ಹೂವಿನ ಬುಟ್ಟಿ ಮೇಲಿಟ್ಕೊಂಡು.
ಸೀಮೆಸುಣ್ಣ ಕೆಳಗಿಟ್ಟಳು ಸಿಸ್ಟರ್.
ಮುಂದಿನ ವಾರ ಬಾಳೆಲೆ ಚೂರು ತಂದು
ಅದರ ಮೇಲೆ ಗೆರೆ ಎಳೆದು ತೋರಿಸಿದಳು.

ದಿನಕ್ಕೆ ಆರು ಸಾವಿರ ಹೆಜ್ಜೆ, ಬರೆಯಲು ಒಂದು ಡೈರಿ.
ನಡೆಯುವುದೆಲ್ಲಿ?
ನಮ್ಮ ಬೀದಿಯ ಫುಟ್‌ಪಾತು ಹಲ್ಲುದುರಿದ ಬಾಯಿ,
ಒಂದು ಚಪ್ಪಡಿ ಇದ್ದರೆ ಎರಡಿಲ್ಲ,
ಇದ್ದದ್ದರ ಮೇಲೆ ಬಟ್ಟೆಯ ಬೇಲು.
ಮೆಜೆಸ್ಟಿಕ್ಕಿನ ಮೇಲ್ಸೇತುವೆ ಹತ್ತಿಳಿದೆ, ಹತ್ತಿಳಿದೆ;
ಬಸ್ಸು ತಪ್ಪಿದವನೆಂದು ಯಾರೋ ಪ್ಲಾಟ್‌ಫಾರ್ಮ್ ತೋರಿಸಿದರು.

ಒಂದು ರಾತ್ರಿ ನಿದ್ದೆ ಬಾರದೆ ಲೆಕ್ಕ ಹಾಕಿದೆ,
ಈ ಹೊಟ್ಟೆ ಬಂದದ್ದು ಯಾವಾಗ?
ಅಪ್ಪನ ಮೆಷಿನ್ನಿಗೆ ಮೋಟರು ಕೂರಿಸಿದ ಮೇಲೆ.
ಅದಕ್ಕೆ ಮುಂಚೆ ತುಳಿದೂ ತುಳಿದೂ
ಕೂತಲ್ಲೇ ಮೈಸೂರಿಗೆ ಹೋಗಿ ಬರುತ್ತಿದ್ದವು ಕಾಲು.
ಬೆಳಿಗ್ಗೆ ಮೋಟರು ಬಿಚ್ಚಿಟ್ಟೆ, ಬೆಲ್ಟನ್ನು ಪೆಡಲಿನ ಚಕ್ರಕ್ಕೆ ಹಾಕಿದೆ.
ತುಳಜಾ ನಕ್ಕಳು: ದೀಪಾವಳಿಗೆ ಇಪ್ಪತ್ತು ಬ್ಲೌಸಿವೆ,
ನಿಮ್ಮ ಸಕ್ಕರೆ ಇಳಿಯೋ ತನಕ ಗಿರಾಕಿ ಕಾಯ್ತಾರಾ?
ಕಾಯಲಿಲ್ಲ.
ಆರು ಬ್ಲೌಸು ಎದುರಂಗಡಿಗೆ ಹೋದವು.
ಡೈರಿಯಲ್ಲಿ ಅದಕ್ಕೆ ಕಾಲಮ್ಮಿಲ್ಲ.

ಒಂಬತ್ತನೇ ವಾರ ಹೊನ್ನೇಗೌಡ ಬರಲಿಲ್ಲ.
ಬೆಳಗಿನ ಶಿಫ್ಟಿಗೆ ಹಾಕಿದರಂತೆ.
ಅವನ ಕುರ್ಚಿಯನ್ನು ಯಾರೂ ಮಡಚಲಿಲ್ಲ,
ಮೆಹರುನ್ನೀಸಾ ಅದರ ಮೇಲೆ ಬ್ಯಾಗಿಡತೊಡಗಿದಳು.
ಶೀನ ನಾಲ್ಕು ಕೇಜಿ ಇಳಿದ.
ಕುಪ್ಪಮ್ಮ ಇಳಿಯಲೇ ಇಲ್ಲ; ಅವಳ ಬಿ.ಪಿ. ಮಾತ್ರ
ಸಾಧು ಹಸುವಿನ ಹಾಗೆ ಬಂದು ಕೊಟ್ಟಿಗೆಯಲ್ಲಿ ನಿಂತಿದೆ.

ಹದಿನಾರನೇ ಮಂಗಳವಾರ ಮತ್ತೆ ಟೇಪು.
ತೊಂಬತ್ತೊಂಬತ್ತು.
ಎರಡಿಂಚು! ನಿಮಗದು ಬೆರಳಗಲ,
ನಮ್ಮ ಕಸುಬಿನಲ್ಲಿ ಅದೇ ಒಂದು ವಯಸ್ಸು.

ಪ್ಯಾಂಟಿನ ಹಿಂದೆ, ಒಳಗಡೆ,
ಎರಡಿಂಚು ಬಟ್ಟೆ ಬಿಡುತ್ತೇವೆ ನಾವು, ಮುಂದೆ ಬಿಚ್ಚಲಿಕ್ಕೆ.
ಇಷ್ಟು ವರ್ಷ ಬಿಚ್ಚಿಸಲು ಬಂದವರೇ ಎಲ್ಲರೂ.
ಹಿಡಿಸಲು ಬಂದವನು ನಾನೊಬ್ಬ,
ಅದೂ ನನ್ನ ಹತ್ತಿರವೇ.

ಹಿಡಿದಿದ್ದೇನೆ. ಮೆಷಿನ್ನಿನಲ್ಲಲ್ಲ,
ಕೈಯಲ್ಲಿ, ಬಿಳಿ ದಾರದ ಕಚ್ಚಾ ಟಾಕು,
ತುದಿ ಹಿಡಿದೆಳೆದರೆ ಪೂರ್ತಿ ಬರುವಂಥದ್ದು.
ಕತ್ತರಿ ಹಾಕಲು ಯುಗಾದಿ ಕಳೆಯಲಿ.
ಒಬ್ಬಟ್ಟಿದೆ ನಡುವೆ.